ಗಾಳಿ ಬರುವ ದಿನ ರಜೆ

ಎಂಟು ಗಂಟೆಗೆ ಸರಿಯಾಗಿ ಬಾಗಿಲು ತಟ್ಟಿದ ಸದ್ದಾದಾಗ, ಅಡುಗೆಮನೆಯಿಂದ ಹೊರಬರುತ್ತಿದ್ದ ಗಿರಿಜಾಂಬಿಕಾ ಒಂದು ಕಾಲು ಹೊಸಿಲಿನ ಆಚೆ, ಒಂದು ಕಾಲು ಈಚೆ ಇಟ್ಟವಳು ಹಾಗೇ ನಿಂತುಬಿಟ್ಟಳು. ಯಾರೆಂದು ಕೇಳಬೇಕಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಫೋನು ಕಿಟಾರನೆ ಕಿರುಚಿ ಅವಳನ್ನು ಎಬ್ಬಿಸಿತ್ತು. ಮೂರು ದಿನ ಗುಡುಗು, ಆಲಿಕಲ್ಲು, ಬಿರುಗಾಳಿ, ಮರಗಳ ಕೆಳಗೆ ನಿಲ್ಲಬೇಡಿ ಎಂದು ಅದರಲ್ಲಿ ಬಂದಿತ್ತು. ಹಾಸಿಗೆಯಲ್ಲೇ ಕೂತು ಅವಳು ತಾಯಂದಿರ ವಾಟ್ಸಾಪ್ ಗುಂಪಿಗೆ, ಗಾಳಿ ಮಳೆಯ ಸೂಚನೆ ಇರುವುದರಿಂದ ಇವತ್ತು ಮಕ್ಕಳಿಗೆ ರಜೆ, ದಯವಿಟ್ಟು ಸಹಕರಿಸಿ ಎಂದು ಹಾಕಿದ್ದಳು. ಹಗಲು ಹೊತ್ತು ನೋಡಿಕೊಳ್ಳಲೆಂದು ಅವಳ ಮನೆಯಲ್ಲಿ ಬಿಟ್ಟುಹೋಗುವ ಆರು ಮಕ್ಕಳಲ್ಲಿ ಐವರ ಮನೆಯವರು ಅದನ್ನು ನೋಡಿದ್ದರು. ಗಾರ್ಮೆಂಟ್ಸ್‌ಗೆ ಹೋಗುವ ಮಂಜುಶ್ರೀ ಮಾತ್ರ ನೋಡಿರಲಿಲ್ಲ. ಎರಡು ಸಲ ಫೋನ್ ಮಾಡಿದರೆ ಎರಡು ಸಲವೂ ಸ್ವಿಚ್ ಆಫ್. ಈಗ ಬಾಗಿಲ ಹೊರಗೆ ಅವಳದೇ ಗಾಜಿನ ಬಳೆಯ ಸದ್ದು, ಅದರ ಹಿಂದೆಯೇ ಅವಳ ಎರಡೂವರೆ ವರ್ಷದ ಮಗಳು ಹಂಸಿಕಾ ಚಪ್ಪಲಿ ಬಿಚ್ಚಿ ಮೂಲೆಗೆ ಎಸೆದ ಸದ್ದು.

"ಗಿರಿಜಕ್ಕಾ."

ಬಂದೆ ಎಂದು ಹೇಳುವುದಕ್ಕೆ ಗಿರಿಜಾಂಬಿಕಾ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಇತ್ತು. ಬಾಗಿಲು ತೆಗೆದರೆ ಮಂಜುಶ್ರೀ ಇವತ್ತೊಂದಿನ ಕಣಕ್ಕ ಅನ್ನುತ್ತಾಳೆ, ಆ ಮುಖ ನೋಡಿಕೊಂಡು ಆಗಲ್ಲ ಅನ್ನಲು ತನ್ನಿಂದಾಗುವುದಿಲ್ಲ. ಅಷ್ಟರಲ್ಲಿ ಮಗು ಕಾಲ ಸಂದಿಯಲ್ಲಿ ನುಸುಳಿ ಒಳಗೆ ಬಂದು ತನ್ನ ಚಾಪೆಯ ಮೇಲೆ ಕೂತಿರುತ್ತದೆ. ಆಮೇಲೆ ನಡುಮನೆಯ ಮೇಲಿನ ಶೀಟು, ಅಂಗಳದ ಮೂರು ತೆಂಗಿನ ಮರ, ಅದರ ಮೇಲಿನ ಆಕಾಶ ಎಲ್ಲವೂ ಸಾಯಂಕಾಲದವರೆಗೆ ತನ್ನ ತಲೆಯ ಮೇಲೆ. ತೆಗೆಯಬಾರದು ಎಂದು ಅವಳು ತೀರ್ಮಾನವನ್ನೇನೂ ಮಾಡಲಿಲ್ಲ. ಒಂದು ಕ್ಷಣ ತಡ ಮಾಡಿದಳು, ಅಷ್ಟೆ. ಆ ಕ್ಷಣ ಕಳೆದ ಮೇಲೆ ಬಾಗಿಲು ತೆಗೆದರೆ, ಇಷ್ಟು ಹೊತ್ತು ಯಾಕೆ ತೆಗೆಯಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತು. ಇನ್ನೊಂದು ಕ್ಷಣ ಹೋಯಿತು. ಮತ್ತೆ ಬಾಗಿಲು ತಟ್ಟಿದರು. ಈ ಸಲದ್ದು ಕೆಳಗಡೆ, ಅಂಗೈಯಿಂದ, ಮಗುವಿನ ಏಟು.

"ಗಿಜಕ್ಕಾ, ನಾನು ಬಂದೇ."

ಆಗ ಒಲೆಯ ಮೇಲಿನ ಕುಕ್ಕರ್ ಕೂಗಿತು. ಇಡೀ ಮನೆ ತುಂಬುವಂತೆ, ಬೀದಿಗೆಲ್ಲ ಕೇಳುವಂತೆ ಕೂಗಿ, ಸುಯ್ಯೆಂದು ಇಳಿದು ನಿಂತಿತು. ಗಿರಿಜಾಂಬಿಕಾ ಕಣ್ಣು ಮುಚ್ಚಿಕೊಂಡಳು. ಬಾಗಿಲಿನ ಆಚೆ ಕೂಡ ಯಾರೂ ಮಾತಾಡಲಿಲ್ಲ. ಒಂದೂವರೆ ಇಂಚಿನ ಬೇವಿನ ಹಲಗೆಯ ಎರಡು ಕಡೆ ಎರಡು ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು. ಆಮೇಲೆ ಮಂಜುಶ್ರೀಯ ಸ್ವರ, ತೀರ ಸಹಜವಾಗಿ, ಮಗುವಿಗೆ ಹೇಳಿತು: "ಅಕ್ಕ ಊರಿಗೆ ಹೋಗವ್ರೆ ಕಣವ್ವ. ಬಾ, ಚಪ್ಲಿ ಹಾಕ್ಕೊ." ಗೇಟಿನ ಚಿಲಕವನ್ನು ಅವಳು ಸದ್ದಾಗದಂತೆ ಹಾಕಿಕೊಂಡು ಹೋದಳು. ದಿನವೂ ಹಾಗೇ ಹಾಕುತ್ತಿದ್ದಳೋ ಇವತ್ತು ಮಾತ್ರ ಹಾಗೆ ಹಾಕಿದಳೋ ಎಂದು ನೆನಪಿಸಿಕೊಳ್ಳಲು ಗಿರಿಜಾಂಬಿಕಾ ಬಹಳ ಹೊತ್ತು ಪ್ರಯತ್ನಪಟ್ಟಳು.

ಮಂಜುಶ್ರೀ ಕೇಳಿಸಿಕೊಂಡಿರಲಿಕ್ಕಿಲ್ಲ. ಪಕ್ಕದ ಮನೆಯ ಕುಕ್ಕರ್ ಅಂದುಕೊಂಡಿರಬಹುದು. ಹಾಗೆ ಅಂದುಕೊಂಡಿದ್ದರೆ ಸುಮ್ಮನೆ ಯಾಕೆ ನಿಂತಿದ್ದಳು? ತಿಂಡಿ ತಿನ್ನಲು ಕೂತವಳು ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಗಂಡ ಏಕಾಂತಯ್ಯ ಬೆಳಿಗ್ಗೆ ಮೊದಲ ಬಸ್ಸಿಗೇ ಹಂದನಕೆರೆಯ ಕಡೆ ಯಾರದೋ ಬೋರ್‌ವೆಲ್ ಮೋಟಾರು ಎತ್ತಲು ಹೋಗಿದ್ದ. ಅವನಾದರೂ ಇದ್ದಿದ್ದರೆ ಬಾಗಿಲು ತೆಗೆದು, ಇವತ್ತು ಆಗಲ್ಲ ಕಣಮ್ಮ ಎಂದು ಹೇಳಿ ಕಳಿಸುತ್ತಿದ್ದ. ಅವನಿಗೆ ಇಲ್ಲ ಅನ್ನುವುದು ಬರುತ್ತದೆ. ನಲವತ್ತೇಳು ವರ್ಷಕ್ಕೆ ತನಗೆ ಮುಚ್ಚಿದ ಬಾಗಿಲ ಹಿಂದೆ ನಿಲ್ಲುವುದು ಮಾತ್ರ ಬಂತು. ಹೊರಗೆ ಬಂದು ಆಕಾಶ ನೋಡಿದಳು. ಒಂದು ಮೋಡದ ಚೂರೂ ಇರಲಿಲ್ಲ. ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ತೋಟವೇ ಆಗಿತ್ತಂತೆ. ಸೈಟು ಮಾಡುವಾಗ ಅಡ್ಡ ಬಂದ ಮರ ಕಡಿದು, ಅಡ್ಡ ಬರದವನ್ನು ಹಾಗೇ ಬಿಟ್ಟಿದ್ದರು. ಹಾಗೆ ಉಳಿದ ಮೂರು ಮರ ಅವಳ ಅಂಗಳದಲ್ಲಿ, ಅರವತ್ತು ವರ್ಷದವು, ತಲೆಯೆತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರ. ಹೋದ ವರ್ಷ ಇದೇ ತಿಂಗಳು, ಗಾಳಿ ಕೂಡ ಇಲ್ಲದ ಮಧ್ಯಾಹ್ನ, ನಡುವಿನ ಮರದಿಂದ ಒಂದು ಒಣಗರಿ ಮಟ್ಟೆಸಮೇತ ಕಳಚಿಕೊಂಡು ಬಿದ್ದಿತ್ತು. ಬಿದ್ದ ಜಾಗದಲ್ಲಿ ಅರ್ಧ ನಿಮಿಷದ ಹಿಂದೆ ಮೂರು ವರ್ಷದ ಹುಡುಗನೊಬ್ಬ ಲೋಟದಲ್ಲಿ ಮಣ್ಣು ತುಂಬಿಕೊಂಡು ಕೂತಿದ್ದ. ಉಚ್ಚೆ ಬಂತು ಎಂದು ಎದ್ದು ಬಂದಿದ್ದ. ಲೋಟ ಅಪ್ಪಚ್ಚಿಯಾಗಿತ್ತು.

ಸಾಯಂಕಾಲ ಕರೆದುಕೊಂಡು ಹೋಗಲು ಬಂದ ಹುಡುಗನ ತಂದೆ ಸಿದ್ದಾರ್ಥ್‌ಗೆ ಅವಳು ತಾನೇ ಅದನ್ನು ಹೇಳಿದ್ದಳು, ನಗುನಗುತ್ತ, ನಿಮ್ಮ ಮಗನಿಗೆ ಎಂಥ ಅದೃಷ್ಟ ನೋಡಿ ಎಂಬಂತೆ. ಅವನು ನಗಲಿಲ್ಲ. ಮಾರನೆಯ ದಿನ ಒಂದು ಬಿಳಿ ಹಾಳೆ ತಂದು, ಬೇರೆ ತಾಯಂದಿರೂ ಇರುವ ಹೊತ್ತಿನಲ್ಲೇ, "ಒಂದು ಬರವಣಿಗೆ ಇರ್ಲಿ ಮೇಡಂ, ನಿಮಗೂ ಒಳ್ಳೇದು ನಮಗೂ ಒಳ್ಳೇದು" ಅಂದ. ಅವನು ಹೇಳಿದ ಹಾಗೆ ಅವಳು ಬರೆದಳು. ಮಕ್ಕಳಿಗೆ ಏನೇ ಆದರೂ ಅದಕ್ಕೆ ನಾನೇ ಸಂಪೂರ್ಣ ಜವಬ್ದಾರಳು. ಅವನು ಬಗ್ಗಿ ನೋಡಿ, "ವ ಗೆ ದೀರ್ಘ ಕೊಡಿ" ಅಂದ. ಅವಳು ದೀರ್ಘ ಕೊಟ್ಟಳು. ಮಂಜುಶ್ರೀ ಆಗ ಹೊಸದಾಗಿ ಮಗುವನ್ನು ಬಿಡತೊಡಗಿದ್ದಳು. ಎಲ್ಲರೂ ಹಾಳೆಯನ್ನು ನೋಡುತ್ತಿದ್ದರೆ ಅವಳೊಬ್ಬಳು ಬೇರೆ ಕಡೆ ತಿರುಗಿ ಮಗುವಿನ ಕೂದಲು ಸರಿಮಾಡುತ್ತ ನಿಂತಿದ್ದಳು. ಆವತ್ತಿನಿಂದ ಸಂಪೂರ್ಣ ಎಂಬ ಮಾತು ಗಿರಿಜಾಂಬಿಕಾಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಫೋನು ಕಿರುಚಿದಾಗಲೆಲ್ಲ ರಜೆ ಕೊಟ್ಟಳು. ಈ ಬೇಸಿಗೆಯಲ್ಲೇ ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಒಂದು ಹನಿ ಬೀಳಲಿಲ್ಲ. ಎರಡನೆಯ ಸಲ ಮಂಜುಶ್ರೀಗೆ ಗಾರ್ಮೆಂಟ್ಸಿನವರು, ಇನ್ನೊಂದು ಸಲ ಹೇಳದೆ ಕೇಳದೆ ಮನೇಲಿ ಉಳಿದರೆ ಮತ್ತೆ ಬರಲೇಬೇಡ ಎಂದಿದ್ದರು. ಅದನ್ನು ಅವಳು ದೂರಿನಂತೆ ಹೇಳಿರಲಿಲ್ಲ, ಸುದ್ದಿಯಂತೆ ಹೇಳಿದ್ದಳು. ಅದು ಗೊತ್ತಿದ್ದೂ ಇವತ್ತು ಬಾಗಿಲು ತೆಗೆಯಲಿಲ್ಲ.

ಹನ್ನೆರಡೂವರೆಗೆ ಗುಂಪಿನಲ್ಲಿ ರಾಧಾಮಣಿಯ ಸಂದೇಶ ಬಂತು. ರಾಧಾಮಣಿಯೂ ಅದೇ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು, ತನ್ನ ಮಗನನ್ನು ಇವತ್ತು ಅತ್ತೆಯ ಹತ್ತಿರ ಬಿಟ್ಟಿದ್ದಳು. 'ಬಿಸಿಲು ಚೆನ್ನಾಗಿ ಬಂದಿದೆ ಗಿರಿಜಕ್ಕ, ಹಪ್ಪಳ ಒಣಗಾಕ್ಕೊಳಿ' ಎಂದು ಬರೆದು ನಗುವ ಮುಖಗಳನ್ನು ಸಾಲಾಗಿ ಹಾಕಿದ್ದಳು. ಇನ್ನಿಬ್ಬರು ಅದಕ್ಕೆ ನಕ್ಕಿದ್ದರು. ಗಿರಿಜಾಂಬಿಕಾ ಕಿವಿ ಬಿಸಿಯಾಗಿ, ಫೋನನ್ನು ಬೋರಲು ಹಾಕಿ, ಮತ್ತೆ ಎತ್ತಿಕೊಂಡು ರಾಧಾಮಣಿಗೇ ಫೋನ್ ಮಾಡಿದಳು. ಅದು ಊಟದ ಹೊತ್ತು, ಸೂಪರ್‌ವೈಸರ್‌ಗಳಿಗೆ ಮಾತ್ರ ಒಳಗೆ ಫೋನು ಬಿಡುತ್ತಾರೆ.

"ತಮಾಷೆಗೆ ಹಾಕಿದ್ದು ಕಣ್ರೀ, ಬೇಜಾರಾದ್ರಾ?"

"ಅದಲ್ಲ. ಮಂಜುಶ್ರೀ ಬಂದಿದ್ದಾಳಾ?"

"ಬಂದವ್ಳೆ. ಒಂದು ಗಂಟೆ ಲೇಟು. ಗೇಟಲ್ಲೇ ನಿಲ್ಸಿದ್ರು, ನಾನು ಹೋಗಿ ಹೇಳಿ ಒಳಗೆ ಬಿಡಿಸ್ದೆ."

"ಮಗೂನ ಎಲ್ಲಿ ಬಿಟ್ಟವಳಂತೆ?"

"ಅವರಮ್ಮ ಚಿತ್ತಮ್ಮ ಕೊಬ್ಬರಿ ಶೆಡ್ಡಿಗೆ ಕೆಲಸಕ್ಕೆ ಹೋಗ್ತಾರಲ್ಲ, ತೋಟದಿಂದಾಚೆ? ಅಲ್ಲಿಗೇ ಒಯ್ದು ಬಿಟ್ಟು ಬಂದವ್ಳೆ. ನೀವು ಊರಲ್ಲಿ ಇರ್ಲಿಲ್ವಂತೆ?"

"ಹೂಂ" ಅಂದಳು ಗಿರಿಜಾಂಬಿಕಾ. "ಇರ್ಲಿಲ್ಲ."

ಆ ಶೆಡ್ಡು ಅವಳಿಗೆ ಗೊತ್ತಿತ್ತು. ನಾಲ್ಕು ಕಡೆ ಕಬ್ಬಿಣದ ಕಂಬ, ಮೇಲೆ ಜಿಂಕ್ ಶೀಟು, ಗೋಡೆಯೆಂದರೆ ಎದೆಯೆತ್ತರದ ಇಟ್ಟಿಗೆ. ನೆರಳಿಗಾಗಿ ಮಾಡಿದ್ದೇ ಹೊರತು ಗಾಳಿಗೆ ಮಾಡಿದ್ದಲ್ಲ. ಅಲ್ಲಿ ಹೆಂಗಸರು ಸಾಲಾಗಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಾರೆ. ಚಿಪ್ಪಿನ ಚೂರು, ಮಚ್ಚು, ಲಾರಿ. ಎರಡೂವರೆ ವರ್ಷದ ಮಗು. ಈಗ ಹೋಗಿ ಕರೆದುಕೊಂಡು ಬಂದರೆ ಮುಗಿಯಿತು, ತೋಟದ ಒಳದಾರಿಯಲ್ಲಿ ಹೋದರೆ ಕಾಲುಗಂಟೆ. ಅವಳು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೂ ಹೋದಳು. ಆದರೆ ಊರಲ್ಲಿ ಇಲ್ಲದವಳು ಒಂದು ಗಂಟೆಗೆ ಎಲ್ಲಿಂದ ಬಂದಳು? ಮಗು ಅಲ್ಲಿದೆ ಎಂದು ಅವಳಿಗೆ ಯಾರು ಹೇಳಿದರು? ಚಿತ್ತಮ್ಮ ಕೇಳಿದರೆ ಏನು ಹೇಳುವುದು? ಆಕಾಶ ನೀಲಿಯಾಗಿ, ಸ್ವಚ್ಛವಾಗಿ, ಅವಳನ್ನು ಅಣಕಿಸುವಂತಿತ್ತು. ಮೂರನೆಯ ಸಲವೂ ಏನೂ ಆಗುವುದಿಲ್ಲ. ಆಗದಿದ್ದರೆ ನಗುತ್ತಾರೆ, ನಗಲಿ. ಆದರೂ, ಆದರೂ ಎಂದುಕೊಂಡಾಗ ಒಂದು ಮಾತು ಅವಳ ಒಳಗಿನಿಂದ ತಾನಾಗಿ ಎದ್ದು ಬಂತು: ಆದರೂ ನನ್ನ ಮನೆಯಲ್ಲಿ ಆಗುವುದಿಲ್ಲವಲ್ಲ. ಗಿರಿಜಾಂಬಿಕಾ ಗೇಟಿನ ಕಂಬಿ ಹಿಡಿದುಕೊಂಡಳು. ಇದನ್ನು ತಾನು ಈಗ ಯೋಚಿಸಿದ್ದಲ್ಲ, ವರ್ಷದಿಂದ ಯೋಚಿಸುತ್ತಿರುವುದೇ ಇದು ಎಂದು ಗೊತ್ತಾಯಿತು. ಮಕ್ಕಳು ಸುರಕ್ಷಿತವಾಗಿರಲಿ ಎಂದು ಅವಳು ರಜೆ ಕೊಟ್ಟಿರಲೇ ಇಲ್ಲ. ಆಗುವುದಿದ್ದರೆ ಬೇರೆಲ್ಲಾದರೂ ಆಗಲಿ ಎಂದು ಕೊಟ್ಟಿದ್ದಳು. ಅದು ತಿಳಿದ ಮೇಲೂ ಅವಳು ಹೋಗಲಿಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬಂದು, ಖಾಲಿ ನಡುಮನೆಯಲ್ಲಿ ಮಕ್ಕಳ ಆರು ಚಾಪೆಗಳನ್ನು ಬಿಸಿಲಿಗೆ ಹಾಕಬೇಕೆಂದುಕೊಂಡು, ಹಾಕದೆ, ಗೋಡೆಗೊರಗಿ ಕೂತಳು.

ಅಲ್ಲೇ ಕಣ್ಣು ಹತ್ತಿತೋ ಏನೋ. ಫೋನ್ ಬಡಿದುಕೊಂಡಾಗ ಮೂರು ಗಂಟೆಯಾಗಿತ್ತು. ಏಕಾಂತಯ್ಯ. ಅವನ ಮಾತಿನ ಹಿಂದೆ ಏನೋ ದೊಡ್ಡದಾಗಿ ಬೋರ್ಗರೆಯುತ್ತಿತ್ತು.

"ಗಿರಿಜಾ, ಇಲ್ಲಿ ಸಿಕ್ಕಾಪಟ್ಟೆ ಗಾಳಿ ಕಣೇ. ಎರಡು ಕರೆಂಟು ಕಂಬ ಮಲಗ್ಬುಟ್ವು. ತಿಪಟೂರ್ ಕಡೀಗೇ ಬತ್ತಾ ಐತೆ. ಆಚೆ ಕಾಲಿಕ್ಕಬೇಡ. ಮಕ್ಕಳು ಇಲ್ಲ ತಾನೆ?"

"ಇಲ್ಲ."

"ಸದ್ಯ" ಅಂದ ಏಕಾಂತಯ್ಯ. ಲೈನು ಕಡಿದುಹೋಯಿತು.

ಆ ಮಾತು ಕಿವಿಯಲ್ಲಿ ಉಳಿಯಿತು. ಗಂಡ ಕೆಟ್ಟವನಲ್ಲ. ಅವನ ಮನಸ್ಸಿನಲ್ಲಿ ಇರದಿದ್ದ ಅರ್ಥವೆಲ್ಲ ಅದರಲ್ಲಿ ಅವಳಿಗೆ ಕೇಳಿಸಿತು. ಅವಳು ಎದ್ದಳು. ಮೈಮೇಲೆ ಬೆಳಗಿನ ನೈಟಿಯೇ ಇತ್ತು, ಅದರ ಮೇಲೊಂದು ಟವೆಲ್ಲು ಹೊದ್ದುಕೊಂಡು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕೂಡ ನೋಡದೆ ಬೀದಿಗಿಳಿದಳು. ಬಡಗಣ ದಿಕ್ಕಿನಲ್ಲಿ ಆಕಾಶ ಕಪ್ಪಾಗಿರಲಿಲ್ಲ, ಕೆಂಪಾಗಿತ್ತು, ಮಣ್ಣಿನ ಗೋಡೆಯೊಂದು ಎದ್ದು ನಿಂತಂತೆ. ಎದುರು ಮನೆಯ ನಿಂಗಮ್ಮ ಒಣಗಲು ಹಾಕಿದ್ದ ಬಟ್ಟೆ ಎತ್ತುತ್ತಿದ್ದವಳು, "ಎತ್ಲಾಗ್ ಹೊಂಟ್ರಿ, ಮಳೆ ಬತ್ತಾ ಐತೆ!" ಎಂದು ಕೂಗಿದಳು. ಗಿರಿಜಾಂಬಿಕಾ ತಿರುಗಿ ನೋಡಲಿಲ್ಲ. ಬಡಾವಣೆ ಮುಗಿಯುವಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ. ರಸ್ತೆಯಲ್ಲಿ ಹೋದರೆ ಸುತ್ತು, ಅರ್ಧ ಗಂಟೆ. ನೇರಕ್ಕೆ ತೋಟ. ಮರಗಳ ಕೆಳಗೆ ನಿಲ್ಲಬೇಡಿ. ಅವಳು ತೋಟದ ಒಳಗೆ ನುಗ್ಗಿದಳು.

ಮೊದಲು ಏನೂ ಇರಲಿಲ್ಲ. ಒಂದು ಗರಿ ಕೂಡ ಅಲ್ಲಾಡದ, ಹಕ್ಕಿಯ ದನಿ ಕೂಡ ಇಲ್ಲದ ಬಿಗಿ. ತನ್ನ ಚಪ್ಪಲಿಯ ಪಟಪಟ ಸದ್ದು ತನ್ನನ್ನೇ ಯಾರೋ ಅಟ್ಟಿಸಿಕೊಂಡು ಬಂದಂತೆ ಕೇಳುತ್ತಿತ್ತು. ಅರ್ಧ ತೋಟ ದಾಟಿರಬೇಕು, ಹಿಂದಿನಿಂದ ಲಾರಿ ಬಂದಂತಹ ಸದ್ದಾಗಿ ತಿರುಗಿ ನೋಡಿದರೆ, ತೋಟದ ಆ ಕೊನೆಯ ಮರಗಳೆಲ್ಲ ಒಟ್ಟಿಗೆ ಬಗ್ಗುತ್ತಿದ್ದವು. ಆಮೇಲೆ ಗಾಳಿ ಅವಳನ್ನು ತಲುಪಿತು. ಟವೆಲ್ಲು ಹೋಯಿತು, ಕಣ್ಣಿಗೆ ಮಣ್ಣು ತುಂಬಿತು, ಬಾಯಿಗೆ ಮಣ್ಣು ತುಂಬಿತು. ಎರಡು ಕೈಯನ್ನೂ ನೆತ್ತಿಯ ಮೇಲಿಟ್ಟುಕೊಂಡು ಅವಳು ಸಾಲಿನ ನಟ್ಟನಡುವೆ ಓಡಿದಳು. ಮೇಲೆ ಗರಿಗಳು ಒಂದಕ್ಕೊಂದು ಹೊಡೆದುಕೊಳ್ಳುವ ಸದ್ದಿನ ನಡುವೆ, ಧಡ್, ಧಡ್ ಎಂದು ಕಾಯಿ ಬೀಳುವ ಸದ್ದು. ಹಿಂದೆ ಬಿತ್ತು, ಎಡಕ್ಕೆ ಬಿತ್ತು, ಒಂದು ಎಷ್ಟು ಹತ್ತಿರ ಬಿತ್ತೆಂದರೆ ಅದು ನೆಲಕ್ಕೆ ಅಪ್ಪಳಿಸಿ ಚಿಮ್ಮಿ ಅವಳ ಮೀನಖಂಡಕ್ಕೆ ಹೊಡೆಯಿತು. ಬಿದ್ದಳು. ಸಾಯುತ್ತೇನೆ ಅಂದುಕೊಂಡಳು. ನೈಟಿಯಲ್ಲಿ ಸಾಯುತ್ತೇನೆ, ತೋಟದ ನಡುವೆ ಯಾಕೆ ಹೋಗಿದ್ದಳು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಪುಣ್ಯಾತ್ಗಿತ್ತಿ ಮಕ್ಕಳಿಗೆಲ್ಲ ರಜೆ ಕೊಟ್ಟು ತಾನು ಹೋದಳು ಅನ್ನುತ್ತಾರೆ. ಈ ಯೋಚನೆಯಲ್ಲಿ ಒಂದು ಕ್ಷಣ ಎಂಥದೋ ಸಮಾಧಾನವಿತ್ತು, ಅದನ್ನು ಕಂಡು ಅವಳಿಗೆ ಗಾಳಿಗಿಂತ ಹೆಚ್ಚು ಹೆದರಿಕೆಯಾಯಿತು. ಎದ್ದಳು. ಒಂದು ಚಪ್ಪಲಿ ಸಿಗಲಿಲ್ಲ, ಇನ್ನೊಂದನ್ನೂ ಬಿಟ್ಟಳು. ಆಗ ಆಲಿಕಲ್ಲು ಶುರುವಾಯಿತು. ನೆತ್ತಿಯ ಮೇಲೆ, ಬೆರಳ ಗೆಣ್ಣುಗಳ ಮೇಲೆ, ಕತ್ತಿನ ಮೇಲೆ ಬಿದ್ದ ಒಂದೊಂದು ಏಟಿಗೂ ಅವಳು ಮಗುವಿನ ಹೆಸರು ಹೇಳುತ್ತ ಓಡಿದಳು. ಬೇರೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ತೋಟದ ಬೇಲಿ ದಾಟಿ ಬಯಲಿಗೆ ಬಂದಾಗ ಎದುರಿಗೆ ಶೆಡ್ಡು ಕಾಣಿಸಿತು. ಅರ್ಧ ಶೆಡ್ಡು. ಮೇಲಿನ ಶೀಟುಗಳಲ್ಲಿ ಒಂದು ಪಕ್ಕದವು ಇರಲೇ ಇಲ್ಲ. ಒಂದು ಶೀಟು ಒಂದೇ ಬೋಲ್ಟಿಗೆ ಜೋತುಬಿದ್ದು ಗಾಳಿಗೆ ಡಬಡಬ ಬಡಿದುಕೊಳ್ಳುತ್ತಿತ್ತು, ಇನ್ನೊಂದು ಬಯಲಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ ಮಡಚಿಕೊಂಡು ಕೂತಿತ್ತು. ಕಾವಲಿನ ಮಾರಯ್ಯ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಯಾರನ್ನೋ ಕೂಗುತ್ತಿದ್ದ. ಕೊಬ್ಬರಿಯ ಉಂಡೆಗಳು ಕೆಸರಿನಲ್ಲಿ ಉರುಳಿಹೋಗಿದ್ದವು. ಅವುಗಳ ನಡುವೆ, ಚೀಲಗಳ ಒಟ್ಟಿಲಿನ ಪಕ್ಕದಲ್ಲಿ, ಹಂಸಿಕಾ ಒಬ್ಬಳೇ ನಿಂತಿದ್ದಳು. ಬಾಯಿ ದೊಡ್ಡದಾಗಿ ತೆರೆದಿತ್ತು, ಆಲಿಕಲ್ಲಿನ ಸದ್ದಿಗೆ ಅವಳ ಅಳು ಕೇಳಿಸುತ್ತಿರಲಿಲ್ಲ. ಹಳದಿ ಫ್ರಾಕಿನ ಮುಂಭಾಗವೆಲ್ಲ ಕೆಂಪಾಗಿತ್ತು.

ಗಿರಿಜಾಂಬಿಕಾ ಆ ಹತ್ತು ಮಾರು ಹೇಗೆ ದಾಟಿದಳೋ. ಮಗುವನ್ನು ಎತ್ತಿಕೊಂಡು ಶೀಟು ಉಳಿದಿದ್ದ ಕಡೆಗೆ ಓಡಿ, ಕೂತು, ಫ್ರಾಕನ್ನು ಕತ್ತಿನವರೆಗೂ ಎತ್ತಿ ಹೊಟ್ಟೆ ನೋಡಿದಳು, ಎದೆ ನೋಡಿದಳು, ಬೆನ್ನು ತಿರುಗಿಸಿ ನೋಡಿದಳು. ಏನೂ ಇರಲಿಲ್ಲ. ಇಷ್ಟು ರಕ್ತಕ್ಕೆ ಗಾಯ ಇರಲೇಬೇಕು. ಕೂದಲು ಬಿಡಿಸಿ ಬಿಡಿಸಿ ಹುಡುಕಿದಳು, ಕಿವಿಯ ಹಿಂದೆ, ಕಂಕುಳಲ್ಲಿ. ಹಂಸಿಕಾ ಎರಡು ಕೈಯಿಂದಲೂ ಅವಳ ಮುಖಕ್ಕೆ ಹೊಡೆಯುತ್ತಿದ್ದಳು. ಹೊಡಿ, ಹೊಡಿ ಎನ್ನುತ್ತ ಅವಳು ಹುಡುಕುತ್ತಲೇ ಇದ್ದಳು.

"ಅದು ನನ್ ರಕ್ತ ಕಣ್ರವ್ವ. ಮಗೀನ್ದಲ್ಲ."

ಚೀಲಗಳಿಗೆ ಒರಗಿಕೊಂಡು ಚಿತ್ತಮ್ಮ ಕೂತಿದ್ದಳು. ಬಲತೋಳಿಗೆ ಯಾರದೋ ಸೀರೆಯ ಸೆರಗು ಹರಿದು ಸುತ್ತಿದ್ದರು, ಅದು ತೊಯ್ದು ಕಪ್ಪಾಗಿತ್ತು. ಇನ್ನೂ ನಾಲ್ಕೈದು ಹೆಂಗಸರು ಅವಳ ಸುತ್ತ ಮುದುರಿಕೊಂಡಿದ್ದರು.

"ಮಗೀಗೆ ಏನೂ ಆಗಿಲ್ಲ. ಗಾಳಿ ಬಂದೇಟ್ಗೆ ಚೀಲದ ಸಂದೀಲಿ ತುರುಕಿ ನಾನು ಅಡ್ಡ ಕುಂತ್ಕಂಡೆ. ಶೀಟು ಕಿತ್ಕಂಡ್ ಬಂದು ತೋಳ್ನ ಸವರ್ಕಂಡ್ ಹೋಯ್ತು. ಒಂದ್ ಗೇಣು ಈಚೀಗೆ ಬಂದಿದ್ರೆ..." ಚಿತ್ತಮ್ಮ ಅದನ್ನು ಅಲ್ಲಿಗೇ ಬಿಟ್ಟು, ಬಿಳಿಚಿಕೊಂಡ ತುಟಿಯಲ್ಲೇ ನಗಲು ನೋಡಿದಳು. "ನೀವು ಊರಿಗೆ ಹೋಗಿದ್ರಂತಲ್ಲ. ಯಾವಾಗ್ ಬಂದ್ರಿ ತಾಯಿ?"

ಈಗ ಹೇಳಬಹುದಿತ್ತು. ಇದಕ್ಕಿಂತ ಸರಿಯಾದ ಹೊತ್ತು ಬರುವುದಿಲ್ಲ ಎಂದು ಗಿರಿಜಾಂಬಿಕಾಳಿಗೆ ಚೆನ್ನಾಗಿ ಗೊತ್ತಿತ್ತು.

"ಈಗ್ಲೇ" ಅಂದಳು. "ಬಸ್ಸಿಳಿದು ನೇರ ಇಲ್ಲಿಗೇ ಬಂದೆ."

"ನೋಡ್ರೇ" ಎಂದು ಚಿತ್ತಮ್ಮ ಉಳಿದ ಹೆಂಗಸರಿಗೆ ಹೇಳಿದಳು, "ಬಸ್ಸಿಳಿದವ್ರು ಮನೀಗೂ ಹೋಗ್ದಂಗೆ ಮಗೀಗೋಸ್ಕರ ಓಡ್ ಬಂದವ್ರೆ. ಹೆತ್ತೋರೂ ಹಿಂಗ್ ಬರಲ್ಲ ಕಣ್ರೇ." ಹೆಂಗಸರು ಹೌದೌದು ಅಂದರು. ಅವರಲ್ಲಿ ಒಬ್ಬಳು ಮಾತ್ರ ಏನೂ ಅನ್ನದೆ, ಗಿರಿಜಾಂಬಿಕಾಳ ನೈಟಿಯನ್ನು ನೋಡಿದಳು, ಬರಿಗಾಲನ್ನು ನೋಡಿದಳು, ಆಮೇಲೆ ಮುಖ ನೋಡಿ ಕಣ್ಣು ಕೆಳಗೆ ಮಾಡಿದಳು. ಆ ಹೆಂಗಸು ಯಾರೋ, ಇನ್ನೊಂದು ಸಲ ಎದುರಿಗೆ ಸಿಗುತ್ತಾಳೋ ಇಲ್ಲವೋ. ಆದರೆ ಆ ಕಣ್ಣು ಕೆಳಗಾದದ್ದು ಆಲಿಕಲ್ಲಿನ ಯಾವ ಏಟಿಗಿಂತಲೂ ಜೋರಾಗಿ ಬಿತ್ತು.

ಗಾಳಿ ಇಪ್ಪತ್ತು ನಿಮಿಷಕ್ಕೆಲ್ಲ ತನಗೇನೂ ಗೊತ್ತಿಲ್ಲವೆಂಬಂತೆ ನಿಂತುಹೋಯಿತು. ಮಾರಯ್ಯ ಯಾರದೋ ಗೂಡ್ಸ್ ಆಟೋ ತಂದ. ಅದರ ಹಿಂದೆ ಗೋಣಿಚೀಲ ಹಾಸಿ ಚಿತ್ತಮ್ಮನನ್ನು ಮಲಗಿಸಿದರು. ಗಿರಿಜಾಂಬಿಕಾ ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ತಂತಿ ಕಡಿದು ಬಿದ್ದಿದ್ದವು, ಬೇವಿನ ಮರವೊಂದು ಬುಡಮೇಲಾಗಿತ್ತು, ಜನ ಬಕೆಟ್ಟಿನಲ್ಲಿ ಆಲಿಕಲ್ಲು ತುಂಬಿಕೊಂಡು ನಗುತ್ತಿದ್ದರು. ಮಗು ಅವಳ ಹತ್ತಿರ ಇರಲು ಒಪ್ಪದೆ ಅಜ್ಜಿಯ ಮೇಲೆ ಬೀಳಲು ಜಗ್ಗುತ್ತಿತ್ತು. "ಅಂಸಿ, ಸುಮ್ಕಿರು, ಗಿರಿಜಕ್ಕ ಅಲ್ವೇನೇ" ಎಂದು ಚಿತ್ತಮ್ಮ ಮಲಗಿದಲ್ಲಿಂದಲೇ ಸಮಾಧಾನ ಮಾಡುತ್ತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿಗೆ ಹದಿನಾಲ್ಕು ಹೊಲಿಗೆ ಹಾಕಿದರು. ಮೂಳೆಗೇನೂ ಆಗಿಲ್ಲ, ಆದರೆ ಒಂದು ತಿಂಗಳು ಈ ಕೈಯಲ್ಲಿ ಏನೂ ಎತ್ತಬಾರದು, ಮಗುವನ್ನಂತೂ ಎತ್ತಲೇಬಾರದು ಅಂದರು ಡಾಕ್ಟರು.

ರಾಧಾಮಣಿಯ ಮೂಲಕ ಸುದ್ದಿ ತಿಳಿದು ಮಂಜುಶ್ರೀ ಬಂದಾಗ ಐದೂವರೆ. ಕೂದಲಲ್ಲಿ, ಹುಬ್ಬಿನಲ್ಲಿ ಬಟ್ಟೆಯ ಧೂಳು ಅಂಟಿಕೊಂಡೇ ಇತ್ತು. ಒಳಗೆ ಹೋಗಿ ಅವ್ವನನ್ನು ನೋಡಿ, ಮಗುವನ್ನು ಎತ್ತಿಕೊಂಡು, ಮುಖ ಒರೆಸಿ, ಹೊರಗಿನ ಕಾರಿಡಾರಿಗೆ ಬಂದಳು. ಗಿರಿಜಾಂಬಿಕಾ ಬೆಂಚಿನ ಮೇಲೆ ನೈಟಿಯ ಕೆಸರನ್ನು ಕೈಯಿಂದ ಮುಚ್ಚಿಕೊಂಡು ಕೂತಿದ್ದವಳು ಎದ್ದು ನಿಂತಳು. ಆಟೋದಲ್ಲಿ, ಹೊಲಿಗೆ ಹಾಕುವಾಗ, ಆಮೇಲೆ ಇಲ್ಲಿ ಕೂತು, ಹೇಳಬೇಕಾದ ಮಾತನ್ನು ಎಷ್ಟು ಸಲ ಜೋಡಿಸಿಕೊಂಡಿದ್ದಳೆಂದರೆ ಈಗ ಅದರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಹೋಗಿತ್ತು.

"ಮಂಜು, ಬೆಳಿಗ್ಗೆ ನಾನು ಊರಿಗೆ..."

"ಗೊತ್ತು ಬುಡಿ ಅಕ್ಕ."

"ಏನು ಗೊತ್ತು?"

"ಒಳಗೇ ಇದ್ರಿ."

ಮಂಜುಶ್ರೀಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಬೆಳಗಿನ ಸಹಜ ಸ್ವರ.

"ಗೊತ್ತಿದ್ದೂ ಅಮ್ಮನ ಹತ್ರ ಯಾಕೆ ಹಂಗೆ ಹೇಳ್ದೆ?"

"ಇನ್ನೇನು ಹೇಳ್ಳಿ? ಬಾಗ್ಲು ತೆಗೀಲಿಲ್ಲ ಅಂದ್ರೆ ಅವ್ವ ಸುಮ್ಕಿರ್ತಾಳಾ? ಇನ್ನೊಂದ್ ಸಲ ಅವರ ಮನ್ಗೆ ಮಗೀನ ಕಳ್ಸ್‌ಬ್ಯಾಡ ಅಂತಾಳೆ. ನೀವೂ ಹೇಳಕ್ ಹೋಗ್ಬೇಡಿ."

"ಬೈದುಬಿಡು ಮಂಜು. ನನ್ನ ಬೈದುಬಿಡು."

ಮಂಜುಶ್ರೀ ಅವಳನ್ನು ನೋಡಿದಳು. ಬಹಳ ಸುಸ್ತಾದವರು, ತಮಗೆ ಬೇಡದ ವಸ್ತುವನ್ನು ಯಾರಾದರೂ ಕೊಳ್ಳಿ ಕೊಳ್ಳಿ ಎಂದು ಪೀಡಿಸಿದಾಗ ನೋಡುವಂತೆ ನೋಡಿದಳು.

"ಬಯ್ಯಾದೇನ್ ದೊಡ್ಡದಕ್ಕ? ಬಯ್ದೆ ಅಂತ್ಲೇ ಇಟ್ಕಳಿ. ಆಮೇಲೆ ನಾಳೆ ಇವಳ್ನ ಎಲ್ಲಿ ಬುಡ್ಲಿ?"

ಏಟು ತಿನ್ನಲು ಗಿರಿಜಾಂಬಿಕಾ ಸಿದ್ಧಳಾಗಿದ್ದಳು, ಶಾಪ ಹಾಕಿಸಿಕೊಳ್ಳಲು, ಇನ್ನೊಂದು ಹಾಳೆಯ ಮೇಲೆ ಬರೆದುಕೊಡಲು ಕೂಡ. ಮಂಜುಶ್ರೀ ಮಾತು ಮುಂದುವರಿಸಿದಳು. "ಇವತ್ತು ಅರ್ಧಕ್ಕೇ ಎದ್ ಬಂದಿವ್ನಿ, ನಾಳೆ ಹೋಗ್ದಿದ್ರೆ ಆಗಲ್ಲ. ಅವ್ವನ ಕೈ ಹಿಂಗಾಯ್ತು. ಎಂಟಕ್ಕೆ ಕರ್ಕೊಂಡ್ ಬತ್ತೀನಿ." ಅದು ಪ್ರಶ್ನೆಯಾಗಿರಲಿಲ್ಲ. ಬೇಡಿಕೆಯೂ ಆಗಿರಲಿಲ್ಲ.

ಫೋನಿನಲ್ಲಿ ಬಂದದ್ದು ಮೂರು ದಿನದ ಸೂಚನೆ, ಅದರಲ್ಲಿ ನಾಳೆಯದು ಎರಡನೆಯ ದಿನ. ಅಂಗಳದ ಮೂರು ಮರ ನಿಂತಿವೆಯೋ ಬಿದ್ದಿವೆಯೋ, ನಡುಮನೆಯ ಮೇಲೆ ಶೀಟು ಇದೆಯೋ ಇಲ್ಲವೋ ಅವಳಿನ್ನೂ ನೋಡಿರಲಿಲ್ಲ. ನಾಳೆಗೂ ಗಾಳಿ ಹೇಳಿದ್ದಾರೆ ಕಣೇ ಅನ್ನಬೇಕೆಂದುಕೊಂಡಳು. ಅನ್ನಬಹುದಿತ್ತು, ಅದು ನಿಜವೂ ಆಗಿತ್ತು.

"ಬಾ" ಅಂದಳು. "ಏಳೂವರೆಗೇ ಬಾ."

ಮಂಜುಶ್ರೀ ತಲೆಯಾಡಿಸಿದಳು. ಒಳಗಿನಿಂದ ನರ್ಸು, ಚಿತ್ತಮ್ಮನ ಕಡೆಯವರು ಯಾರ್ರೀ, ಮಾತ್ರೆ ತಗೊಂಡ್ ಬನ್ನಿ ಎಂದು ಕರೆದಳು. ಮಂಜುಶ್ರೀ ಮಗುವನ್ನು ಗಿರಿಜಾಂಬಿಕಾಳ ತೋಳಿಗೆ ದಾಟಿಸಿ, ಚೀಟಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಹಂಸಿಕಾಳಿಗೆ ಹಟ ಮಾಡುವ ಶಕ್ತಿ ಉಳಿದಿರಲಿಲ್ಲ. ಒಂದು ಸಲ ಕಣ್ಣು ಬಿಟ್ಟು ಯಾರೆಂದು ನೋಡಿ, ಮುಖ ಆ ಕಡೆಗೆ ತಿರುಗಿಸಿಕೊಂಡು, ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಿದ್ದೆಯ ಮಗು ಎಷ್ಟು ಭಾರವಿರುತ್ತದೆಂದು ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡರೂ ಅವಳಿಗೆ ಹೊಳೆದೇ ಇರಲಿಲ್ಲ. ಗಿರಿಜಾಂಬಿಕಾ ನಿಂತಿದ್ದ ಜಾಗದ ಮೇಲೆ ಫ್ಯಾನು ಓಲಾಡುತ್ತ ತಿರುಗುತ್ತಿತ್ತು, ಅಲ್ಲಿಂದ ಸರಿದಳು. ಕಿಟಕಿಯ ಹತ್ತಿರ ಹೋದಳು, ಗಾಜು ಬಿರುಕು ಬಿಟ್ಟಿತ್ತು, ಅಲ್ಲಿಂದಲೂ ಸರಿದಳು. ಟ್ಯೂಬ್‌ಲೈಟು ಒಂದೇ ತಂತಿಯಲ್ಲಿ ನೇತಾಡುತ್ತಿತ್ತು. ಮಗು ಏಳದಂತೆ ಒಂದೊಂದೇ ಹೆಜ್ಜೆ ಇಡುತ್ತ, ತಲೆಯೆತ್ತಿ ಸೂರು ನೋಡುತ್ತ, ಅವಳು ಆ ಉದ್ದನೆಯ ಕಾರಿಡಾರಿನ ಈ ಕೊನೆಯಿಂದ ಆ ಕೊನೆಯವರೆಗೆ ನಡೆದಳು, ತಿರುಗಿ ಬಂದಳು. ಎಲ್ಲಿ ನಿಂತರೂ ಮೇಲೆ ಏನಾದರೊಂದು ಇದ್ದೇ ಇತ್ತು.